ಕುಂಟುತ್ತಿದ್ದ ಸಿನಿಮಾ ಪೆಟ್ಟಿಗೆ: ಹಳೆಯ ರೇಡಿಯಾನ್ ಚಿಪ್, ಮುಕ್ತ ಡ್ರೈವರ್ ಮತ್ತು ಉಳಿದುಹೋದ ಒಂದು ಬೂಟ್ ಆಯ್ಕೆ

ಸಿನಿಮಾ ನೋಡಲು, ಹಾಡು ಕೇಳಲು ಅಂತಲೇ ಸ್ನೇಹಿತರೊಬ್ಬರು ಒಂದು ಚಿಕ್ಕ ಕಂಪ್ಯೂಟರನ್ನು ಟಿವಿಗೆ ಜೋಡಿಸಿಕೊಂಡಿದ್ದರು. ಒಳಗಿರುವುದು ಎಎಂಡಿಯ ಕಬಿನಿ ಚಿಪ್. ನಾಲ್ಕು ಜಾಗ್ವಾರ್ ಕೋರ್‌ಗಳು, ಅದೇ ಚಿಪ್‌ನಲ್ಲಿ ಜಿಸಿಎನ್ ಪೀಳಿಗೆಯ ರೇಡಿಯಾನ್ ಗ್ರಾಫಿಕ್ಸ್. ಇದು 2013ರಲ್ಲಿ ಬಂದ ಚಿಪ್. ಹಳೆಯದೇನೋ ನಿಜ, ಆದರೆ 1080ಪಿ ಸಿನಿಮಾಗೆ ಧಾರಾಳವಾಗಿ ಸಾಕು. ಎಚ್.264 ಮಾದರಿಯಲ್ಲಿ ಕುಗ್ಗಿಸಿದ ವಿಡಿಯೊವನ್ನು ಬಿಡಿಸಲು, ಅಂದರೆ ಡಿಕೋಡ್ ಮಾಡಲು, ಅದರಲ್ಲಿ ಯುವಿಡಿ ಎಂಬ ಬೇರೆ ಭಾಗವೇ ಇದೆ. ಮೇಲೆ ಒಂದು ಲಿನಕ್ಸ್, ಅದರ ಮೇಲೆ ಸಿನಿಮಾ ಓಡಿಸುವ ಕೋಡಿ ತಂತ್ರಾಂಶ.

ದೂರುಗಳು ಹೀಗಿದ್ದವು. ಸಿನಿಮಾ ಕುಂಟುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಚಿತ್ರ ಅಡ್ಡಡ್ಡ ಹರಿದ ಹಾಗೆ ಕಾಣುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ಆದರೆ ಸೆಟ್ಟಿಂಗ್ಸ್ ತೆರೆದರೆ ಎಚ್‌ಡಿಎಂಐ ಸೌಂಡ್ ಕಾರ್ಡ್ ಪಟ್ಟಿಯಲ್ಲಿ ಕಾಣುತ್ತದೆ! ಈ ಕೊನೆಯದೇ ಅವರಿಗೆ ಹೆಚ್ಚು ಬೇಸರ ತಂದಿತ್ತು. ಧ್ವನಿಯ ಸೆಟ್ಟಿಂಗ್‌ಗಳನ್ನೆಲ್ಲ ತಿರುಗಿಸಿ ನೋಡಿ ಸಾಕಾಗಿತ್ತು.

"ಈ ಫ್ರೀ ಡ್ರೈವರ್ ಸರಿ ಇಲ್ಲ ಅನ್ಸುತ್ತೆ. ಕಂಪನಿಯದ್ದೇ ಡ್ರೈವರ್ ಹಾಕಿಬಿಡೋಣ, ನೀವು ನೋಡಿ" ಎಂದರು.

ಈ ಮಾತು ತುಂಬಾ ಜನ ಹೇಳುತ್ತಾರೆ, ಅದಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಈ ಚಿಪ್‌ಗೆ ಆ ದಾರಿ ಈಗ ಇಲ್ಲ. ಕ್ಯಾಟಲಿಸ್ಟ್ ಎಂಬ ಹೆಸರಿನಲ್ಲಿ ಬರುತ್ತಿದ್ದ ಮುಚ್ಚಿದ ಡ್ರೈವರ್‌ನ ಕೊನೆಯ ಆವೃತ್ತಿ ಬಂದದ್ದು 2015ರ ಡಿಸೆಂಬರ್‌ನಲ್ಲಿ. ಇವತ್ತಿನ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ, ಇವತ್ತಿನ ಎಕ್ಸ್ ಸರ್ವರ್ (ಪರದೆಗೆ ಕಿಟಕಿಗಳನ್ನು ಬಿಡಿಸುವ ತಂತ್ರಾಂಶ) ಜೊತೆ ಅದು ಕೂರುವುದಿಲ್ಲ. ಅದನ್ನು ಹಾಕುವ ಹಳೆಯ ಸೂಚನೆಗಳು ಹುಡುಕಿದರೆ ಈಗಲೂ ಸಿಗುತ್ತವೆ. ಅವನ್ನು ಅನುಸರಿಸಿದರೆ ಇರುವ ಚಿತ್ರವೂ ಹೋಗುತ್ತದೆ. ಎಎಂಡಿ 2007ರಲ್ಲೇ ಮುಕ್ತ ಡ್ರೈವರ್‌ಗೆ ಬೆಂಬಲ ಘೋಷಿಸಿ ತನ್ನ ಚಿಪ್‌ಗಳ ದಾಖಲೆಗಳನ್ನು ಹೊರಗೆ ಬಿಡಲು ಶುರು ಮಾಡಿತು. ಇಂಥ ಚಿಪ್‌ಗೆ ಈಗ ಮುಕ್ತ ಡ್ರೈವರ್ ಅನ್ನುವುದು ಎರಡನೇ ಆಯ್ಕೆ ಅಲ್ಲ. ಅದೇ ಡ್ರೈವರ್.

ಯಾವ ಡ್ರೈವರ್ ಬಗ್ಗೆ ಮಾತಾಡುತ್ತಿದ್ದೇವೆ?

"ಡ್ರೈವರ್ ಕೆಟ್ಟಿದೆ" ಅಂದಾಗ ನಾನು ಮೊದಲು ಕೇಳುವುದು ಇದನ್ನೇ. ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ಅನ್ನುವುದು ಒಂದು ಫೈಲ್ ಅಲ್ಲ, ಒಂದು ಪ್ಯಾಕೇಜ್ ಕೂಡ ಅಲ್ಲ. ಎಲ್ಲಕ್ಕಿಂತ ಕೆಳಗೆ ಫರ್ಮ್‌ವೇರ್ ಇದೆ: ಚಿಪ್‌ನ ಒಳಗಿನ ಚಿಕ್ಕ ಪ್ರೊಸೆಸರ್‌ಗಳಿಗೆ ತುಂಬಬೇಕಾದ ಕೋಡ್. ಅದನ್ನು ತುಂಬುವುದು ಕರ್ನಲ್ ಒಳಗಿನ ಡ್ರೈವರ್, ಇಲ್ಲಿ ಅದರ ಹೆಸರು ರೇಡಿಯಾನ್. ಪರದೆಯ ರೆಸಲ್ಯೂಶನ್, ಎಚ್‌ಡಿಎಂಐ, ಮೆಮೊರಿ ಎಲ್ಲ ಅದರ ಕೈಯಲ್ಲಿ. ಅದರ ಮೇಲೆ ಮೆಸಾ. ಬ್ರಯಾನ್ ಪಾಲ್ 1993ರಲ್ಲಿ ಶುರು ಮಾಡಿದ ಈ ಯೋಜನೆ ಓಪನ್‌ಜಿಎಲ್, ಅಂದರೆ ಚಿತ್ರ ಬಿಡಿಸುವ ಕೆಲಸ ನೋಡಿಕೊಳ್ಳುತ್ತದೆ. ವಿಡಿಯೊ ಡಿಕೋಡ್‌ಗೆ ವಿಎ-ಎಪಿಐ ಎಂಬ ಇನ್ನೊಂದು ಬಾಗಿಲು, ಅದರ ಹಿಂದಿರುವ ಡ್ರೈವರ್ ಕೂಡ ಮೆಸಾದಿಂದಲೇ ಬರುತ್ತದೆ. ಕೊನೆಗೆ ಕೋಡಿ. ಆಚೆ ತುದಿಯಲ್ಲಿ ಟಿವಿ, ಅದೂ ಸುಮ್ನೆ ಕೂತಿರುವುದಿಲ್ಲ. ತಾನು ಏನೇನು ತೋರಿಸಬಲ್ಲೆ ಎಂಬುದನ್ನು ಇಡಿಐಡಿ ಎಂಬ ಚಿಕ್ಕ ಮಾಹಿತಿ ತುಣುಕಿನಲ್ಲಿ ಹೇಳಿ ಕಳಿಸುತ್ತದೆ.

ಮುಕ್ತ ಡ್ರೈವರ್‌ಗಳಲ್ಲಿ ನನಗೆ ತುಂಬಾ ಇಷ್ಟವಾಗುವುದು ಏನೆಂದರೆ, ಈ ಪ್ರತಿಯೊಂದು ಹಂತವನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ಕೇಳಬಹುದು. ಪ್ರತಿಯೊಂದೂ ಉತ್ತರ ಕೊಡುತ್ತದೆ. ಹಾಗಾಗಿ ಸಿಸ್ಟಮ್ ಅಳಿಸಿ ಮತ್ತೆ ಹಾಕುವ ಮಾತು ಬಂದಾಗ ಬೇಡ ಎಂದೆ. ಮತ್ತೆ ಹಾಕಿದರೆ ತಪ್ಪು ಹೋಗಬಹುದು, ಆದರೆ ಎಲ್ಲಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಅದೇ ಮತ್ತೆ ಬರುತ್ತದೆ.

ಮೊದಲ ಸುಳಿವು

ಏನನ್ನೂ ಬದಲಿಸದೆ ಮೂರು ಪ್ರಶ್ನೆ ಕೇಳಿದೆ.

ಎಲ್‌ಎಸ್‌ಪಿಸಿಐ ಆಜ್ಞೆಗೆ 'ಕೆ' ಆಯ್ಕೆ ಸೇರಿಸಿದರೆ ಯಾವ ಸಾಧನವನ್ನು ಯಾವ ಕರ್ನಲ್ ಡ್ರೈವರ್ ನಡೆಸುತ್ತಿದೆ ಎಂದು ತೋರಿಸುತ್ತದೆ. ಇಲ್ಲಿ ಗ್ರಾಫಿಕ್ಸ್ ಸಾಧನದ ಕೆಳಗೆ ರೇಡಿಯಾನ್, ಎಎಂಡಿಜಿಪಿಯು (ಎಎಂಡಿ ಚಿಪ್‌ಗಳಿಗೆ ಆಮೇಲೆ ಬಂದ ಕರ್ನಲ್ ಡ್ರೈವರ್) ಎರಡೂ ಹೆಸರು ಇದ್ದವು. ಆದರೆ ಅವು 'ಬಳಸಬಹುದಾದ ಮಾಡ್ಯೂಲ್‌ಗಳು' ಎಂಬ ಸಾಲಿನಲ್ಲಿ ಇದ್ದವು. 'ಈಗ ಬಳಕೆಯಲ್ಲಿರುವ ಡ್ರೈವರ್' ಎಂಬ ಸಾಲೇ ಇರಲಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ಓದಿಬಿಡುವುದು ಸುಲಭ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು.

ಓಪನ್‌ಜಿಎಲ್ ಯಾರು ನಡೆಸುತ್ತಿದ್ದಾರೆ ಎಂದು ಜಿಎಲ್ಎಕ್ಸ್-ಇನ್ಫೊ ಕೇಳಿದರೆ ಬಂದ ಉತ್ತರ: ಎಲ್‌ಎಲ್‌ವಿಎಂ-ಪೈಪ್. ಅಂದರೆ ಗ್ರಾಫಿಕ್ಸ್ ಚಿಪ್ ಕೆಲಸವನ್ನೇ ಮಾಡುತ್ತಿಲ್ಲ. ಪ್ರತಿ ಪಿಕ್ಸೆಲ್ಲನ್ನೂ ಸಿಪಿಯು ಲೆಕ್ಕ ಹಾಕಿ ಬಿಡಿಸುತ್ತಿದೆ. ಎಲ್‌ಎಲ್‌ವಿಎಂ-ಪೈಪ್ ಕೆಟ್ಟದ್ದೇನಲ್ಲ, ಚಿಪ್ ಇಲ್ಲದ ಕಡೆ ಪರದೆ ಕಾಣಿಸಲು ಅದು ಬೇಕೇ ಬೇಕು. ಆದರೆ ಜಾಗ್ವಾರ್‌ನಂಥ ಸಣ್ಣ ಕೋರ್‌ಗಳು ಒಂದು ಕಡೆ ಸಿನಿಮಾ ಡಿಕೋಡ್ ಮಾಡಿ, ಇನ್ನೊಂದು ಕಡೆ ಅದನ್ನು ಹಿಗ್ಗಿಸಿ, ಬಣ್ಣ ಪರಿವರ್ತಿಸಿ ಪರದೆ ಮೇಲೆ ಇಡುವುದು ಆಗದ ಮಾತು. ಕುಂಟುವುದು, ಹರಿಯುವುದು, ಫ್ಯಾನ್ ಸದ್ದು, ಮೂರಕ್ಕೂ ಕಾರಣ ಇಲ್ಲೇ ಸಿಕ್ಕಿತು.

ಮೂರನೆಯದು, ಕರ್ನಲ್ ಯಾವ ಆಯ್ಕೆಗಳೊಂದಿಗೆ ಎದ್ದಿದೆ ಎಂಬುದು. ಪ್ರೊಕ್ ಫೋಲ್ಡರ್‌ನ ಸಿಎಂಡಿಲೈನ್ ಫೈಲ್ ತೆರೆದರೆ ಸಾಲಿನ ಕೊನೆಗೆ ಒಂದು ಪದ: ನೋಮೋಡ್‌ಸೆಟ್.

ಈ ಪದ ಇದ್ದರೆ ಕರ್ನಲ್ ಒಳಗಿನ ಗ್ರಾಫಿಕ್ಸ್ ಡ್ರೈವರ್‌ಗಳು ಏಳುವುದೇ ಇಲ್ಲ. ಮದರ್‌ಬೋರ್ಡ್‌ನ ಫರ್ಮ್‌ವೇರ್ ಬೂಟ್ ಸಮಯದಲ್ಲಿ ಇಟ್ಟುಕೊಟ್ಟ ಚಿತ್ರದ ಜಾಗವನ್ನೇ ಇಟ್ಟುಕೊಂಡು ಕರ್ನಲ್ ಮುಂದುವರಿಯುತ್ತದೆ. ರೆಸಲ್ಯೂಶನ್ ಬದಲಿಸಲು ಆಗುವುದಿಲ್ಲ, ರಿಫ್ರೆಶ್ ರೇಟ್ ಬದಲಿಸಲು ಆಗುವುದಿಲ್ಲ.

ಧ್ವನಿ ಕೂಡ ಇಲ್ಲೇ ಸಿಕ್ಕಿಬಿದ್ದಿತ್ತು. ಎಚ್‌ಡಿಎಂಐ ಧ್ವನಿ ಬೇರೆ ತಂತಿಯಲ್ಲಿ ಹೋಗುವುದಿಲ್ಲ. ಚಿತ್ರದ ಸಿಗ್ನಲ್‌ನ ನಡುವಿನ ಖಾಲಿ ಜಾಗದಲ್ಲೇ ಅದನ್ನು ತುಂಬಿ ಕಳಿಸುತ್ತಾರೆ. ಆ ಸಿಗ್ನಲ್ಲನ್ನು ಸಿದ್ಧ ಮಾಡುವುದು ಗ್ರಾಫಿಕ್ಸ್ ಡ್ರೈವರ್. ಟಿವಿಗೆ ಯಾವ ಬಗೆಯ ಧ್ವನಿ ಬೇಕು ಎಂಬುದನ್ನು ಇಡಿಐಡಿಯಿಂದ ತೆಗೆದು, ಇಎಲ್‌ಡಿ ಎಂಬ ರೂಪದಲ್ಲಿ ಸೌಂಡ್ ಡ್ರೈವರ್‌ಗೆ ಕೊಡುವುದೂ ಅದೇ. ಸೌಂಡ್ ಕಾರ್ಡ್ ಪಟ್ಟಿಯಲ್ಲಿ ಕಂಡದ್ದು ಸುಳ್ಳಲ್ಲ. ಆ ಭಾಗ ಚಿಪ್‌ನಲ್ಲಿ ನಿಜಕ್ಕೂ ಇದೆ, ಸೌಂಡ್ ಡ್ರೈವರ್ ಅದನ್ನು ಗುರುತಿಸಿದೆ. ಆದರೆ ಅದರ ಧ್ವನಿಯನ್ನು ಹೊತ್ತೊಯ್ಯಬೇಕಾದವರು ನಿದ್ದೆಯಲ್ಲಿದ್ದಾರೆ. ಎಎಲ್‌ಎಸ್‌ಎ (ಕರ್ನಲ್‌ನ ಧ್ವನಿ ಭಾಗ) ಫೋಲ್ಡರ್‌ನಲ್ಲಿರುವ ಇಎಲ್‌ಡಿ ಫೈಲ್ ನೋಡಿದರೆ ಅದು ಖಾಲಿ, 'ಮಾನ್ಯ' ಎಂಬ ಕಡೆ ಸೊನ್ನೆ. ಧ್ವನಿ ಸೆಟ್ಟಿಂಗ್‌ನಲ್ಲಿ ಎಷ್ಟು ಹುಡುಕಿದರೂ ಈ ತೊಂದರೆ ಸಿಗುತ್ತಿರಲಿಲ್ಲ.

ನೋಮೋಡ್‌ಸೆಟ್ ಯಾಕೆ ಬಂತು

ಇಲ್ಲಿಗೆ ನಿಲ್ಲಿಸಿ ಆ ಪದವನ್ನು ಅಳಿಸಿಬಿಡಬಹುದಿತ್ತು. ಆದರೆ ಅದು ತಾನಾಗಿ ಬಂದು ಕೂರುವುದಿಲ್ಲ, ಅಲ್ವಾ? ಸ್ನೇಹಿತರನ್ನು ಕೇಳಿದೆ. ಮೊದಲು ಲಿನಕ್ಸ್ ಹಾಕುವಾಗ ಪರದೆ ಪೂರ್ತಿ ಕಪ್ಪಾಯಿತಂತೆ. ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಅಂತ ಇತ್ತು, ಅದನ್ನು ಆರಿಸಿದಾಗ ಚಿತ್ರ ಬಂತು, ಎಲ್ಲ ಸುಗಮವಾಗಿ ಮುಗಿಯಿತು. ಯಾರೇ ಆದರೂ ಅದನ್ನೇ ಮಾಡುತ್ತಾರೆ. ಆ ಆಯ್ಕೆ ಒಳಗೆ ಮಾಡುವುದು ನೋಮೋಡ್‌ಸೆಟ್ ಸೇರಿಸುವ ಕೆಲಸವನ್ನೇ. ಕೆಲವು ಇನ್‌ಸ್ಟಾಲರ್‌ಗಳು ಅದನ್ನು ಹಾಕಿ ಮುಗಿದ ಸಿಸ್ಟಮ್‌ನ ಬೂಟ್ ಸಾಲಿಗೂ ದಾಟಿಸುತ್ತವೆ. ತಾತ್ಕಾಲಿಕವಾಗಿ ಬೇಕಾದದ್ದು ಹೀಗೆ ಖಾಯಂ ಆಗುತ್ತದೆ. ಇದನ್ನು ಆರಿಸಿದವರಿಗೆ ಹಾಕಿ ಮುಗಿದ ಮೇಲೆ ಒಂದು ಸೂಚನೆ ತೋರಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ: ನಿಮ್ಮ ಗ್ರಾಫಿಕ್ಸ್ ಚಿಪ್ ಈಗ ಕೆಲಸ ಮಾಡುತ್ತಿಲ್ಲ, ಇದನ್ನು ತೆಗೆಯಿರಿ ಎಂದು.

ಹಾಗಾದರೆ ಮೊದಲ ಕಪ್ಪು ಪರದೆಗೆ ಕಾರಣ ಬೇರೆ ಇದೆ. ಆಯ್ಕೆಯನ್ನು ತೆಗೆದರೆ ಪರದೆ ಮತ್ತೆ ಕಪ್ಪಾಗುವ ಸಾಧ್ಯತೆಯೇ ಜಾಸ್ತಿ. ಅದಕ್ಕೆ ತಯಾರಿ ಬೇಕು. ಮೊದಲು ಇನ್ನೊಂದು ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಲ್ಲಿ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗಲು ಆಗುತ್ತದೆ ಎಂದು ಖಚಿತ ಮಾಡಿಕೊಂಡೆ. ಗ್ರಾಫಿಕ್ಸ್ ತೊಂದರೆ ಹುಡುಕಲು ಇದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಪರದೆ ಕಪ್ಪಾದರೂ ಒಳಗಿನ ಸಿಸ್ಟಮ್ ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ. ಆಮೇಲೆ ಬೂಟ್ ಮಾಡಿಸುವ ಗ್ರಬ್‌ನ ಮೆನುವಿನಲ್ಲಿ 'ಇ' ಕೀ ಒತ್ತಿ ಆ ಪದವನ್ನು ಅಳಿಸಿ ಬೂಟ್ ಮಾಡಿದೆ. ಹೀಗೆ ಮಾಡಿದ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಕೆಟ್ಟರೆ ಮತ್ತೆ ಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ ಇರುತ್ತದೆ.

ಪರದೆ ಕಪ್ಪಾಯಿತು. ಎಸ್‌ಎಸ್‌ಎಚ್ ತೆರೆಯಿತು. ಕರ್ನಲ್ ಲಾಗ್ ನೋಡಿದರೆ ಉತ್ತರ ಅಲ್ಲೇ ಬರೆದಿತ್ತು. ಕಬಿನಿ ಹೆಸರಿನಿಂದ ಶುರುವಾಗುವ ಒಂದು ಫರ್ಮ್‌ವೇರ್ ಫೈಲ್ ಲೋಡ್ ಮಾಡಲು ಆಗಲಿಲ್ಲ, ಎರರ್ ಮೈನಸ್ 2. ಅದರ ಕೆಳಗೆ, ಜಿಪಿಯು ಆರಂಭಿಸುವಾಗ ಮಾರಕ ದೋಷ ಎಂದು ಹೇಳಿ ಡ್ರೈವರ್ ಹಿಂದೆ ಸರಿದಿತ್ತು. ಮೈನಸ್ 2 ಅಂದರೆ ಫೈಲ್ ಸಿಗಲಿಲ್ಲ ಎಂದು ಅರ್ಥ. ಫೈಲ್ ಹಾಳಾಗಿಲ್ಲ, ಚಿಪ್ ಕೆಟ್ಟಿಲ್ಲ, ಸುಮ್ನೆ ಫೈಲ್ ಇಲ್ಲ.

ರೇಡಿಯಾನ್ ಚಿಪ್‌ಗಳ ಫರ್ಮ್‌ವೇರ್‌ಗೆ ಮೂಲ ಕೋಡ್ ಇಲ್ಲ. ಹಂಚಲು ಅನುಮತಿ ಇದೆ, ಆದರೆ ಅದು ಮುಕ್ತ ತಂತ್ರಾಂಶ ಅಲ್ಲ. ಈ ಕಾರಣಕ್ಕೆ ಕೆಲವು ಲಿನಕ್ಸ್ ಹಂಚಿಕೆಗಳು ಅದನ್ನು ಬೇರೆ ಇಡುತ್ತವೆ. ಡೆಬಿಯನ್ ಎಂಬ ಹಂಚಿಕೆಯ ಸಮುದಾಯ ಈ ಬಗ್ಗೆ 2022ರಲ್ಲಿ ಮತ ಹಾಕಿ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಸೇರಿಸಲು ಶುರು ಮಾಡಿತು. ತತ್ವದ ದೃಷ್ಟಿಯಿಂದ ಎರಡೂ ಕಡೆಯ ವಾದ ನನಗೆ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಕೂತು ಕಪ್ಪು ಪರದೆ ನೋಡುವವರಿಗೆ ಯಾಕೆ ಕಪ್ಪು ಅನ್ನುವುದು ತಿಳಿಯಬೇಕು. ಆ ದೃಷ್ಟಿಯಿಂದ 2022ರ ತೀರ್ಮಾನ ಸರಿ ಎಂದೇ ನಾನು ಭಾವಿಸುತ್ತೇನೆ.

ಫೈಲ್ ಇದೆ, ಆದರೂ ಇಲ್ಲ

ಇಲ್ಲಿ ಒಂದು ತಿರುವು. ಫರ್ಮ್‌ವೇರ್ ಫೋಲ್ಡರ್ ತೆರೆದು ನೋಡಿದರೆ ಕಬಿನಿಯ ಎಲ್ಲ ಫೈಲ್‌ಗಳೂ ಇದ್ದವು. ಯಾವುದೋ ಅಪ್‌ಡೇಟ್‌ನಲ್ಲಿ ಆ ಪ್ಯಾಕೇಜ್ ಬಂದು ಕೂತಿತ್ತು. ಹಾಗಾದರೆ ಕರ್ನಲ್‌ಗೆ ಯಾಕೆ ಸಿಗಲಿಲ್ಲ?

ಯಾಕೆಂದರೆ ರೇಡಿಯಾನ್ ಡ್ರೈವರ್ ಏಳುವ ಹೊತ್ತಿಗೆ ಹಾರ್ಡ್ ಡಿಸ್ಕ್ ಇನ್ನೂ ತೆರೆದಿರುವುದಿಲ್ಲ. ಬೂಟ್‌ನ ಮೊದಲ ಹಂತದಲ್ಲಿ ಕರ್ನಲ್‌ಗೆ ಕಾಣುವುದು ಇನಿಟ್‌ರಾಮ್‌ಎಫ್‌ಎಸ್ ಎಂಬ ಚಿಕ್ಕ ಗಂಟು ಮಾತ್ರ. ಡ್ರೈವರ್ ಆ ಗಂಟಿನಲ್ಲಿದ್ದರೆ ಅದರ ಫರ್ಮ್‌ವೇರ್ ಕೂಡ ಅದರಲ್ಲೇ ಇರಬೇಕು. ಅಲ್ಲಿ ಸಿಗದಿದ್ದರೆ ಡ್ರೈವರ್ ಕೈಬಿಡುತ್ತದೆ. ಆಮೇಲೆ ಡಿಸ್ಕ್ ತೆರೆದಾಗ ಇನ್ನೊಮ್ಮೆ ಪ್ರಯತ್ನಿಸುವುದಿಲ್ಲ. ಗಂಟಿನ ಒಳಗಿನ ಪಟ್ಟಿ ತೆಗೆದು ನೋಡಿದೆ. ರೇಡಿಯಾನ್ ಡ್ರೈವರ್ ಇತ್ತು, ಫರ್ಮ್‌ವೇರ್ ಇರಲಿಲ್ಲ.

ಫರ್ಮ್‌ವೇರ್ ಪ್ಯಾಕೇಜ್ ಬಂದಾಗ ಈ ಗಂಟನ್ನು ತಾನಾಗಿಯೇ ಹೊಸದಾಗಿ ಕಟ್ಟಬೇಕಿತ್ತು. ಕಟ್ಟಲು ಹೊರಟಿತ್ತು ಕೂಡ. ಪ್ಯಾಕೇಜ್‌ಗಳ ಹಳೆಯ ಲಾಗ್ ಹುಡುಕಿದರೆ ಅಪ್‌ಡೇಟ್‌ನ ನೂರಾರು ಸಾಲುಗಳ ನಡುವೆ ಒಂದು ಸಾಲು: ಜಾಗ ಉಳಿದಿಲ್ಲ. ಬೂಟ್ ಪಾರ್ಟಿಷನ್ ತುಂಬಿಹೋಗಿತ್ತು. ಚಿಕ್ಕದಾಗಿ ಮಾಡಿದ್ದ ಪಾರ್ಟಿಷನ್, ಅದರಲ್ಲಿ ಹಳೆಯ ಕರ್ನಲ್‌ಗಳು ಒಂದರ ಮೇಲೊಂದು ಕೂತಿದ್ದವು. ಹೊಸ ಗಂಟು ಅರ್ಧಕ್ಕೇ ನಿಂತು, ಹಳೆಯದೇ ಉಳಿಯಿತು. ಹಳೆಯದರಿಂದ ಕಂಪ್ಯೂಟರ್ ಏಳುತ್ತಿತ್ತು, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ.

ಮುಂದಿನದು ಸುಲಭ. ಬೇಡದ ಕರ್ನಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್ ಮೂಲಕ ತೆಗೆದೆವು. ಬೂಟ್ ಫೋಲ್ಡರ್‌ನಲ್ಲಿ ಕೈಯಾರೆ ಫೈಲ್ ಅಳಿಸಬೇಡಿ, ಪ್ಯಾಕೇಜ್ ಮ್ಯಾನೇಜರ್‌ಗೆ ಅದು ಗೊತ್ತಾಗುವುದಿಲ್ಲ. ಗಂಟನ್ನು ಮತ್ತೆ ಕಟ್ಟಿಸಿ, ಒಳಗೆ ಫರ್ಮ್‌ವೇರ್ ಬಂದಿದೆ ಎಂದು ಪಟ್ಟಿ ನೋಡಿ ಖಚಿತ ಮಾಡಿಕೊಂಡು, ಗ್ರಬ್‌ನ ಸಂರಚನೆಯಿಂದ ನೋಮೋಡ್‌ಸೆಟ್ ತೆಗೆದು ಬೂಟ್ ಮಾಡಿದೆವು. ಈಗ ಓಪನ್‌ಜಿಎಲ್ ಸಾಲಿನಲ್ಲಿ ಎಲ್‌ಎಲ್‌ವಿಎಂ-ಪೈಪ್ ಹೋಗಿ ಎಎಂಡಿ ಕಬಿನಿ, ರೇಡಿಯಾನ್-ಎಸ್‌ಐ (ಈ ಚಿಪ್‌ಗೆ ಮೆಸಾದ ಡ್ರೈವರ್) ಎಂದು ಬಂತು. ಇಎಲ್‌ಡಿ ಫೈಲ್‌ನಲ್ಲಿ ಟಿವಿಯ ಹೆಸರು ಕಾಣಿಸಿತು. ಧ್ವನಿ ಬಂತು. ಧ್ವನಿಗಾಗಿ ಒಂದೇ ಒಂದು ಸೆಟ್ಟಿಂಗ್ ಕೂಡ ಮುಟ್ಟಿರಲಿಲ್ಲ.

ಫರ್ಮ್‌ವೇರ್ ಹೆಸರುಗಳ ಬಗ್ಗೆ ಒಂದು ಮಾತು. ವಿಡಿಯೊ ಡಿಕೋಡ್‌ನ ಯುವಿಡಿಗೆ ಬೇರೆಯದೇ ಫೈಲ್ ಬೇಕು. ಕಬಿನಿಗೆ ಬೇಕಾದ ಆ ಫೈಲ್‌ನ ಹೆಸರಿನಲ್ಲಿ ಕಬಿನಿ ಇರುವುದಿಲ್ಲ, ಬೊನೇರ್ ಎಂದು ಇರುತ್ತದೆ. ಆ ಪೀಳಿಗೆಯ ಚಿಪ್‌ಗಳೆಲ್ಲ ಅದೊಂದನ್ನೇ ಹಂಚಿಕೊಳ್ಳುತ್ತವೆ. ತಮ್ಮ ಚಿಪ್‌ನ ಹೆಸರಿನ ಫೈಲ್‌ಗಳನ್ನು ಮಾತ್ರ ಹುಡುಕಿ ನಕಲು ಮಾಡಿದವರಿಗೆ ಪರದೆ ಚೆನ್ನಾಗಿ ಬರುತ್ತದೆ, ಡಿಕೋಡ್ ಮಾತ್ರ ಬರುವುದಿಲ್ಲ. ಪ್ಯಾಕೇಜನ್ನು ಇಡಿಯಾಗಿ ಹಾಕಿಕೊಳ್ಳುವುದೇ ಒಳ್ಳೆಯದು.

ಡಿಕೋಡ್ ಯಾರು ಮಾಡುತ್ತಿದ್ದಾರೆ?

ಡ್ರೈವರ್ ಎದ್ದ ಮೇಲೆ ಡೆಸ್ಕ್‌ಟಾಪ್ ಬೇಡ ಎಂದು ತೀರ್ಮಾನಿಸಿದೆವು. ಕೋಡಿ ಈಗ ಎಕ್ಸ್ ಸರ್ವರ್ ಇಲ್ಲದೆ ನೇರವಾಗಿ ಕರ್ನಲ್‌ನ ಡಿಸ್‌ಪ್ಲೇ ಭಾಗದ ಮೇಲೆ ಓಡಬಲ್ಲದು. ಸಿನಿಮಾ ನೋಡಲು ಮಾತ್ರ ಇರುವ ಪೆಟ್ಟಿಗೆಗೆ ಇದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ನಡುವೆ ಇರುವ ಪದರಗಳು ಕಡಿಮೆಯಾದಷ್ಟೂ ತೊಂದರೆ ಹುಡುಕುವುದು ಸುಲಭ. ಕೋಡಿಗೆ ತನ್ನದೇ ಬಳಕೆದಾರ ಖಾತೆ ಮಾಡಿ, ಬೂಟ್ ಆದ ಕೂಡಲೇ ಏಳುವ ಹಾಗೆ ಇಟ್ಟೆವು.

ಚಿತ್ರ ಹರಿಯುವುದು ನಿಂತಿತು. ಆದರೆ ಫ್ಯಾನ್ ಸದ್ದು ಪೂರ್ತಿ ತಗ್ಗಲಿಲ್ಲ. ಸಿನಿಮಾ ಓಡುವಾಗ 'ಒ' ಕೀ ಒತ್ತಿದರೆ ಕೋಡಿ ಯಾವ ಡಿಕೋಡರ್ ಬಳಸುತ್ತಿದೆ ಎಂದು ತೋರಿಸುತ್ತದೆ. ಅಲ್ಲಿ ಹಾರ್ಡ್‌ವೇರ್ ಎಂದು ಇರಲಿಲ್ಲ, ಸಾಫ್ಟ್‌ವೇರ್ ಎಂದು ಇತ್ತು. ಕೋಡಿಯ ಸೆಟ್ಟಿಂಗ್‌ನಲ್ಲಿ ವಿಎ-ಎಪಿಐ ಆನ್ ಆಗಿಯೇ ಇತ್ತು.

ವಿಎ-ಇನ್ಫೊ ಎಂಬ ಚಿಕ್ಕ ಉಪಕರಣ ಇಂಥ ಹೊತ್ತಿನಲ್ಲಿ ತುಂಬಾ ಉಪಯೋಗ. ಚಿಪ್ ಯಾವ ಯಾವ ಬಗೆಯ ವಿಡಿಯೊ ಡಿಕೋಡ್ ಮಾಡುತ್ತದೆ ಎಂದು ಪಟ್ಟಿ ಕೊಡುತ್ತದೆ. ಸಾಲಿನ ಕೊನೆಯಲ್ಲಿ ವಿಎಲ್‌ಡಿ ಎಂದಿದ್ದರೆ ಡಿಕೋಡ್ ಎಂದು ಅರ್ಥ. ಟಿವಿ ಮುಂದೆ ಕೂತು ಸ್ನೇಹಿತರ ಖಾತೆಯಲ್ಲಿ ಲಾಗಿನ್ ಆಗಿ ಓಡಿಸಿದರೆ ಎಚ್.264, ಎಂಪೆಗ್-2, ವಿಸಿ-1 ಎಲ್ಲ ಇದ್ದವು. ಅದೇ ಆಜ್ಞೆಯನ್ನು ಕೋಡಿಯ ಖಾತೆಯಲ್ಲಿ ಓಡಿಸಿದರೆ: ಅನುಮತಿ ಇಲ್ಲ.

ಡಿಕೋಡ್ ಕೆಲಸಕ್ಕೆ ರೆಂಡರ್ ನೋಡ್ ಎಂಬ ಸಾಧನ ಫೈಲ್ ತೆರೆಯಬೇಕು. ಸಾಮಾನ್ಯವಾಗಿ ಅದರ ಸಂಖ್ಯೆ 128. ಪರದೆ ಮುಂದೆ ಕೂತು ಲಾಗಿನ್ ಆದವರಿಗೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನೂ ಲಾಗಿನ್‌ಗಳನ್ನೂ ನೋಡಿಕೊಳ್ಳುವ ತಂತ್ರಾಂಶ) ತಾನಾಗಿ ಆ ಅನುಮತಿ ಕೊಡುತ್ತದೆ. ಹಿನ್ನೆಲೆಯಲ್ಲಿ ಏಳುವ ಖಾತೆಗೆ ಕೊಡುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ಬಂದವರಿಗೂ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಎಸ್‌ಎಸ್‌ಎಚ್‌ನಲ್ಲಿ ವಿಎ-ಇನ್ಫೊ ಓಡಿಸಿ ಡ್ರೈವರ್ ಕೆಟ್ಟಿದೆ ಎಂದು ತೀರ್ಮಾನಿಸುವವರಿದ್ದಾರೆ. ಹಳೆಯ ಮಾರ್ಗದರ್ಶಿಗಳು ಕೋಡಿ ಖಾತೆಯನ್ನು 'ವಿಡಿಯೊ' ಗುಂಪಿಗೆ ಸೇರಿಸಿ ಎನ್ನುತ್ತವೆ, ಅದು ಸೇರಿತ್ತು. ಅದರಿಂದ ಪರದೆಗೆ ಚಿತ್ರ ಹಾಕಬಹುದು. ರೆಂಡರ್ ನೋಡ್ ಇರುವುದು ಮಾತ್ರ 'ರೆಂಡರ್' ಎಂಬ ಬೇರೆ ಗುಂಪಿನಲ್ಲಿ. ಆ ಗುಂಪಿಗೂ ಸೇರಿಸಿ ಕೋಡಿ ಮತ್ತೆ ಶುರು ಮಾಡಿದಾಗ ಹಾರ್ಡ್‌ವೇರ್ ಎಂದು ಬಂತು. ಸಿಪಿಯು ಹೆಚ್ಚು ಕಡಿಮೆ ಖಾಲಿ ಕೂತಿತು.

ವಿಎ-ಇನ್ಫೊ ಪಟ್ಟಿಯಲ್ಲಿ ಎಚ್.264 ಸಾಲೇ ಇಲ್ಲದಿದ್ದರೆ ಅದಕ್ಕೆ ಬೇರೆ ಕಾರಣ ಇರಬಹುದು. 2022ರಲ್ಲಿ ಫೆಡೊರಾ ಎಂಬ ಲಿನಕ್ಸ್ ಹಂಚಿಕೆ ಪೇಟೆಂಟ್ ಕಾರಣಕ್ಕೆ ತನ್ನ ಮೆಸಾದಿಂದ ಎಚ್.264, ಎಚ್‌ಇವಿಸಿ (ಎಚ್.264ರ ನಂತರದ ಮಾದರಿ), ವಿಸಿ-1 ಡಿಕೋಡನ್ನು ತೆಗೆದುಹಾಕಿತು. ಅದನ್ನು ಬಳಸುವವರು ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಪೂರ್ತಿ ಮೆಸಾ ಡ್ರೈವರ್ ತಂದುಕೊಳ್ಳುತ್ತಾರೆ. ನಮ್ಮ ಪ್ರಕರಣದಲ್ಲಿ ಆ ಪ್ರಶ್ನೆ ಬರಲಿಲ್ಲ.

ಚಿಪ್‌ಗೆ ಆಗದ ಕೆಲಸ

ಕೆಲವು ಸಿನಿಮಾಗಳು ಮಾತ್ರ ಆಮೇಲೂ ಕುಂಟಿದವು. ನೋಡಿದರೆ ಎಲ್ಲವೂ 10 ಬಿಟ್ ಎಚ್‌ಇವಿಸಿ. ಇದಕ್ಕೆ ಡ್ರೈವರ್‌ನಲ್ಲಿ ಪರಿಹಾರ ಇಲ್ಲ. ಎಚ್‌ಇವಿಸಿ ಮಾನದಂಡದ ಮೊದಲ ಆವೃತ್ತಿಗೆ ಒಪ್ಪಿಗೆ ಸಿಕ್ಕಿದ್ದೇ 2013ರಲ್ಲಿ, ಈ ಚಿಪ್ ಮಾರುಕಟ್ಟೆಗೆ ಬಂದ ವರ್ಷವೇ. ಅದನ್ನು ಬಿಡಿಸುವ ಸರ್ಕ್ಯೂಟ್ ಇದರೊಳಗೆ ಇಲ್ಲ. ಎಎಂಡಿ ಚಿಪ್‌ಗಳಲ್ಲಿ ಎಚ್‌ಇವಿಸಿ ಡಿಕೋಡ್ ಬಂದದ್ದು 2015ರ ಕ್ಯಾರಿಜೊ ಹೊತ್ತಿಗೆ, 10 ಬಿಟ್ ಬಂದದ್ದು 2016ರ ಪೊಲಾರಿಸ್ ಹೊತ್ತಿಗೆ. ಅಂಥ ಸಿನಿಮಾಗಳನ್ನು ಬೇರೆ ವೇಗದ ಕಂಪ್ಯೂಟರ್‌ನಲ್ಲಿ ಎಫ್‌ಎಫ್‌ಎಂಪೆಗ್ ಬಳಸಿ 8 ಬಿಟ್ ಎಚ್.264ಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಹೊಸ ಪೆಟ್ಟಿಗೆ ತರಬೇಕು. ಸ್ನೇಹಿತರು ಮೊದಲನೆಯದನ್ನು ಆರಿಸಿಕೊಂಡರು. ಬದಲಿಸುವಾಗ '8 ಬಿಟ್' ಅನ್ನುವುದನ್ನು ಮರೆಯಬಾರದು. 10 ಬಿಟ್ ಎಚ್.264 ಮಾಡಿಟ್ಟರೆ ಅದನ್ನೂ ಈ ಚಿಪ್ ಡಿಕೋಡ್ ಮಾಡುವುದಿಲ್ಲ.

ಎಎಂಡಿಜಿಪಿಯು ಡ್ರೈವರ್‌ಗೆ ಬದಲಾಯಿಸಿದರೆ ಎಚ್‌ಇವಿಸಿ ಬರುತ್ತದಾ ಎಂದು ಅವರು ಕೇಳಿದರು. ಬರುವುದಿಲ್ಲ. 2015ರಲ್ಲಿ 4.2 ಕರ್ನಲ್ ಜೊತೆ ಬಂದ ಆ ಡ್ರೈವರ್ ಈ ಪೀಳಿಗೆಯ ಚಿಪ್‌ಗಳನ್ನೂ ನಡೆಸಬಲ್ಲದು. ಬೂಟ್ ಸಾಲಿನಲ್ಲಿ ರೇಡಿಯಾನ್‌ಗೆ ಸಿಐಕೆ (ಈ ಪೀಳಿಗೆಯ ಸಂಕೇತ ಹೆಸರು) ಬೆಂಬಲ 0, ಎಎಂಡಿಜಿಪಿಯುಗೆ 1 ಎಂದು ಬರೆದರೆ ಸಾಕು. ಅದರಿಂದ ಸಿಗುವ ದೊಡ್ಡ ಲಾಭ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ವ್ಯವಸ್ಥೆ, ಆಟ ಆಡುವವರಿಗೆ ಅದು ಬೇಕು. ಸಿನಿಮಾಗೆ ಅದರಿಂದ ಏನೂ ಸೇರುವುದಿಲ್ಲ. ಸರಿಯಾಗಿ ಓಡುತ್ತಿರುವ ರೇಡಿಯಾನ್ ಡ್ರೈವರನ್ನು ಹಾಗೇ ಬಿಟ್ಟೆವು.

ಟಿವಿಯ ಪಾಲು

ಉಳಿದದ್ದು ಮೆಲ್ಲಗೆ ನಡುಗುವ ಚಲನೆ. ಇದು ಕುಂಟುವುದಲ್ಲ, ಫ್ರೇಮ್ ಒಂದೂ ಬಿಟ್ಟುಹೋಗುತ್ತಿರಲಿಲ್ಲ. ಹೆಚ್ಚಿನ ಸಿನಿಮಾಗಳು ಸೆಕೆಂಡಿಗೆ 23.976 ಫ್ರೇಮ್. ಟಿವಿ 60 ಹರ್ಟ್ಸ್‌ನಲ್ಲಿ ಇದ್ದರೆ ಒಂದು ಫ್ರೇಮ್ 3 ಸಲ, ಮುಂದಿನದು 2 ಸಲ, ಹೀಗೆ ಹಂಚಬೇಕಾಗುತ್ತದೆ. ಕಣ್ಣಿಗೆ ಅದು ನಡುಕವಾಗಿ ಕಾಣುತ್ತದೆ. ಕೋಡಿಯಲ್ಲಿ ಸಿನಿಮಾಗೆ ತಕ್ಕಂತೆ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆ ಆನ್ ಮಾಡಿದೆವು. ಟಿವಿಯ ಪಟ್ಟಿಯಲ್ಲಿ 24 ಹರ್ಟ್ಸ್, 23.976 ಹರ್ಟ್ಸ್ ಎರಡೂ ಇದ್ದರೆ ಎರಡನೆಯದೇ ಬೇಕು. ಬರೀ 24ರಲ್ಲಿ ಓಡಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ. ನೋಡುವ ಅಭ್ಯಾಸ ಇದ್ದವರಿಗೆ ಅದು ಗೊತ್ತಾಗುತ್ತದೆ. ನೋಮೋಡ್‌ಸೆಟ್ ಇದ್ದಷ್ಟು ದಿನ ಈ ಬದಲಾವಣೆ ಸಾಧ್ಯವೇ ಇರಲಿಲ್ಲ.

ಅಂಚು ಕತ್ತರಿಸಿದ ಹಾಗೆ ಕಾಣುವುದು, ಕಪ್ಪು ಬಣ್ಣ ಬೂದು ಆಗುವುದು, ಇವೆರಡನ್ನೂ ಟಿವಿಯ ಸ್ವಂತ ಮೆನುವಿನಲ್ಲೇ ಸರಿ ಮಾಡಿದೆವು.

ಇನ್ನೊಂದು ತೊಂದರೆ ಹೊಸದಾಗಿ ಕಂಡಿತು. ಟಿವಿ ಆಫ್ ಇರುವಾಗ ಕಂಪ್ಯೂಟರ್ ಸ್ಟಾರ್ಟ್ ಮಾಡಿ, ಆಮೇಲೆ ಟಿವಿ ಹಾಕಿದರೆ ಚಿತ್ರ 1024x768ರಲ್ಲಿ ದಪ್ಪದಪ್ಪವಾಗಿ ಬರುತ್ತದೆ, ಧ್ವನಿ ಇಲ್ಲ. ಈ ಟಿವಿ ಆಫ್ ಇದ್ದಾಗ ಇಡಿಐಡಿ ಕೊಡುವುದಿಲ್ಲ. ಕರ್ನಲ್‌ಗೆ ಆಚೆ ಏನಿದೆ ಎಂದು ತಿಳಿಯದೆ ಎಲ್ಲರಿಗೂ ಆಗುವ ಒಂದು ಸಾಧಾರಣ ಅಳತೆ ಆರಿಸಿಕೊಳ್ಳುತ್ತದೆ. ಧ್ವನಿಯ ವಿವರ ಇಡಿಐಡಿಯ ವಿಸ್ತರಣೆ ಭಾಗದಲ್ಲಿ ಇರುವುದರಿಂದ ಅದೂ ಹೋಗುತ್ತದೆ. ಪರಿಹಾರ ಹೀಗೆ. ಟಿವಿ ಆನ್ ಇದ್ದಾಗ ಸಿಸ್ ಫೋಲ್ಡರ್‌ನ ಡಿಆರ್‌ಎಂ ಭಾಗದಿಂದ ಇಡಿಐಡಿ ಫೈಲ್ ನಕಲು ಮಾಡಿಕೊಂಡೆವು. ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇಟ್ಟು, ಎಚ್‌ಡಿಎಂಐಗೆ ಇದನ್ನೇ ಬಳಸು ಎಂದು ಬೂಟ್ ಸಾಲಿನಲ್ಲಿ ಬರೆದೆವು. ಜೊತೆಗೆ ಆ ಕನೆಕ್ಟರ್ ಯಾವಾಗಲೂ ಆನ್ ಎಂದು ತಿಳಿ ಎಂಬ ಆಯ್ಕೆ. ಈ ಫೈಲ್ ಕೂಡ ಇನಿಟ್‌ರಾಮ್‌ಎಫ್‌ಎಸ್ ಗಂಟಿನೊಳಗೆ ಹೋಗಬೇಕು, ಇಲ್ಲದಿದ್ದರೆ ಅದೇ ಮೈನಸ್ 2. ಟಿವಿ ಬದಲಿಸಿದರೆ ಈ ಫೈಲ್ ಕೂಡ ಬದಲಿಸಬೇಕು ಎಂದು ಅದರ ಪಕ್ಕದಲ್ಲೇ ಒಂದು ಟಿಪ್ಪಣಿ ಫೈಲ್ ಬರೆದಿಟ್ಟಿದ್ದೇವೆ.

ಒಂದು ವಿಷಯ ಬಾಕಿ ಇದೆ. ಕಂಪ್ಯೂಟರನ್ನು ನಿದ್ದೆಗೆ ಕಳಿಸಿ ಎಬ್ಬಿಸಿದರೆ ಕೆಲವೊಮ್ಮೆ ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ರಿಫ್ರೆಶ್ ರೇಟ್ ಒಮ್ಮೆ ಬದಲಿಸಿದರೆ ಧ್ವನಿ ಮರಳುತ್ತದೆ. ಇದು ಕರ್ನಲ್ ಡ್ರೈವರ್‌ನದೇ ದೋಷ ಇರಬಹುದು, ಹಾಗಿದ್ದರೆ ಅದನ್ನು ಬರೆಯುವವರಿಗೆ ತಿಳಿಸಬೇಕು. ಎಎಂಡಿ ಗ್ರಾಫಿಕ್ಸ್‌ನ ಕರ್ನಲ್ ದೋಷಗಳನ್ನು ಫ್ರೀಡೆಸ್ಕ್‌ಟಾಪ್‌ನ ಗಿಟ್‌ಲ್ಯಾಬ್‌ನಲ್ಲಿ ದಾಖಲಿಸುತ್ತಾರೆ. ಅಲ್ಲಿ ಬೇಕಾಗುವುದು ಬೂಟ್‌ನಿಂದ ಕೊನೆಯವರೆಗಿನ ಪೂರ್ತಿ ಕರ್ನಲ್ ಲಾಗ್, ಚಿಪ್‌ನ ಗುರುತಿನ ಸಂಖ್ಯೆ, ಕರ್ನಲ್ ಆವೃತ್ತಿ, ಮತ್ತು ಬೇರೆಯವರು ಮಾಡಿ ನೋಡಬಹುದಾದ ಹಂತಗಳು. ಲಾಗ್‌ನಿಂದ ತಮಗೆ ಮುಖ್ಯ ಅನಿಸಿದ ನಾಲ್ಕು ಸಾಲು ಮಾತ್ರ ಕತ್ತರಿಸಿ ಕಳಿಸಿದರೆ ಪ್ರಯೋಜನ ಆಗುವುದಿಲ್ಲ, ಕಾರಣ ಬಹಳ ಸಲ ಅದಕ್ಕಿಂತ ಮೇಲೆ ಎಲ್ಲೋ ಇರುತ್ತದೆ. ನಿದ್ದೆಗೆ ಮೊದಲು ಮತ್ತು ಎದ್ದ ಮೇಲೆ ಇಎಲ್‌ಡಿ ಫೈಲ್ ಹೇಗಿತ್ತು ಎಂಬುದನ್ನು ಎರಡೂ ಸಲ ಉಳಿಸಿಕೊಂಡಿದ್ದೇವೆ. ಇತ್ತೀಚಿನ ಕರ್ನಲ್‌ನಲ್ಲೂ ಹೀಗೇ ಆಗುತ್ತದಾ ಎಂದು ನೋಡಿ ಆಮೇಲೆ ದಾಖಲಿಸಬೇಕು. ಅಲ್ಲಿಯವರೆಗೆ ನಿದ್ದೆಯ ಆಯ್ಕೆಯನ್ನು ಆಫ್ ಮಾಡಿ, ಸಿನಿಮಾ ಮುಗಿದ ಮೇಲೆ ಪೆಟ್ಟಿಗೆಯನ್ನು ಪೂರ್ತಿ ಆಫ್ ಮಾಡುತ್ತಿದ್ದಾರೆ.